ಪ್ರಮಾಣ ಮಾಡಿದ ಪ್ರಭು

ಪೌರನಾಗುವುದು ಹೇಗೆಂಬ ಪ್ರಶ್ನೆ ನಮ್ಮಲ್ಲಿ ಬಹುಮಂದಿಗೆ ಹುಟ್ಟುವುದೇ ಇಲ್ಲ. ಈ ನೆಲದಲ್ಲಿ ಹುಟ್ಟಿದೆವು, ಇದರ ಪೌರರಾದೆವು, ಅಷ್ಟಕ್ಕೇ ಸುಮ್ಮನಾಗುತ್ತೇವೆ. ಭಾರತವು ಗಣರಾಜ್ಯವಾದಾಗ ಸುಮಾರು 35 ಕೋಟಿ ಜನ ಅದರ ಪೌರರಾದರು. ಅವರಲ್ಲಿ ಯಾರನ್ನೂ ಒಂದೆಡೆ ಕರೆದು ನಿಲ್ಲಿಸಲಿಲ್ಲ. ಯಾರ ಬಾಯಿಂದಲೂ ಒಂದು ಮಾತನ್ನು ಹೇಳಿಸಲಿಲ್ಲ. ಕೆಂಗೇರಿಯ ಕಣದಲ್ಲಿ ರಾಗಿ ಒಕ್ಕುತ್ತಿದ್ದ ರೈತನಿಗಾಗಲಿ, ಬೆಂಗಳೂರು ಪೇಟೆಯ ಓಣಿಯಲ್ಲಿ ಮಗ್ಗದ ಮುಂದೆ ಕುಳಿತಿದ್ದ ನೇಯ್ಗೆಯವನಿಗಾಗಲಿ ತಾನು ಹಿಂದಿನ ದಿನ ಏನಾಗಿದ್ದೆ, ಈ ದಿನ ಏನಾದೆ ಎಂಬುದು ತಿಳಿದಿತ್ತೆಂದು ಹೇಳಲಾರೆವು. ಸಂವಿಧಾನದ ಐದನೆಯ ವಿಧಿ ಅವರೆಲ್ಲರ ಪರವಾಗಿ ಆ ಕೆಲಸವನ್ನು ಸದ್ದಿಲ್ಲದೆ ಮಾಡಿ ಮುಗಿಸಿತ್ತು.

ಮೈಸೂರು ರಾಜ್ಯದಲ್ಲಿ ಒಬ್ಬರಿಗೆ ಮಾತ್ರ ಅದು ಸದ್ದಿಲ್ಲದೆ ಆಗುವಂತಿರಲಿಲ್ಲ. ಮಂತ್ರಿಗಳೂ ನ್ಯಾಯಾಧೀಶರೂ ಶಾಸಕರೂ ತಮ್ಮ ತಮ್ಮ ಪದವಿಗಳಿಗಾಗಿ ಪ್ರಮಾಣ ಮಾಡಬೇಕಾಗಿತ್ತು, ನಿಜ. ಅವರಿಗೆ ಅದು ಹುದ್ದೆಯ ಮಾತು. ಆದರೆ ಆ ಒಬ್ಬರಿಗೆ ಅದು ಹುಟ್ಟಿನ ಮಾತು. ಅವರು ಶ್ರೀ ಜಯಚಾಮರಾಜ ಒಡೆಯರು. ತಲೆತಲಾಂತರದಿಂದ ಇತರರ ನಿಷ್ಠೆಯನ್ನು ಸ್ವೀಕರಿಸುತ್ತ ಬಂದ ಮನೆತನದ ಆ ಅರಸರು, 30 ವರ್ಷ ದಾಟಿದ ಪ್ರಾಯದಲ್ಲಿ, ತಮ್ಮ ನಿಷ್ಠೆಯನ್ನು ಒಂದು ಗ್ರಂಥಕ್ಕೆ ಒಪ್ಪಿಸಬೇಕಾಗಿ ಬಂದಿತು.

ನಾನು ಹಲವು ವರ್ಷ ರಾಜಾಜಿನಗರದ ಒಂದು ಪ್ರೌಢಶಾಲೆಯಲ್ಲಿ ಪೌರನೀತಿಯನ್ನು ಬೋಧಿಸಿದವನು. ಹೊರನಾಡಿನಿಂದ ಬಂದವರು ಭಾರತದ ಪೌರತ್ವವನ್ನು ಪಡೆಯುವ ಬಗೆಯನ್ನು ಪಾಠ ಮಾಡುವಾಗಲೆಲ್ಲ ಯಾವನಾದರೊಬ್ಬ ಹುಡುಗ, ಹಾಗಾದರೆ ನಾವು ಪ್ರಮಾಣ ಮಾಡಿದ್ದು ಯಾವಾಗ ಎಂದು ಕೇಳದೆ ಇರುತ್ತಿರಲಿಲ್ಲ. ನಾವು ಮಾಡಲಿಲ್ಲ ಎಂಬುದೇ ಅದಕ್ಕೆ ಉತ್ತರ. ಆ ಉತ್ತರ ಹುಡುಗರಿಗೆ ಒಂದಿಷ್ಟು ನಿರಾಶೆಯನ್ನೇ ತರುತ್ತಿತ್ತು. ಆಗ ನಾನು ಈ ಅರಸರ ಕಥೆಯನ್ನು ಹೇಳುತ್ತಿದ್ದೆ. ಅದನ್ನೇ ಇಲ್ಲಿ ಕೊಂಚ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲು ಆ ಪಾಠದ ವಿಷಯವನ್ನೇ ಎರಡು ಮಾತಿನಲ್ಲಿ ಹೇಳಿಬಿಡುವುದು ಲೇಸು. 1955ರ ಪೌರತ್ವ ಅಧಿನಿಯಮದ ಎರಡನೆಯ ಅನುಸೂಚಿಯಲ್ಲಿ ಒಂದು ಪ್ರಮಾಣವಚನವಿದೆ. ಕಾನೂನಿಗನುಸಾರವಾಗಿ ಸ್ಥಾಪಿತವಾದ ಭಾರತದ ಸಂವಿಧಾನದಲ್ಲಿ ಶ್ರದ್ಧೆಯನ್ನೂ ನಿಷ್ಠೆಯನ್ನೂ ಇಡುವುದು, ದೇಶದ ಕಾನೂನುಗಳಿಗೆ ನಡೆದುಕೊಳ್ಳುವುದು, ಪೌರನ ಕರ್ತವ್ಯಗಳನ್ನು ನೆರವೇರಿಸುವುದು, ಇಷ್ಟೇ ಅದರ ಸಾರ. ಪರದೇಶದಲ್ಲಿ ಹುಟ್ಟಿ ಇಲ್ಲಿಯವರಾಗಲು ಬಯಸುವವರು ಅದನ್ನು ಹೇಳಿ ಸಹಿ ಹಾಕಬೇಕು. 1957ರಲ್ಲಿ ಇಂಗ್ಲೆಂಡನ್ನು ಬಿಟ್ಟು ಬಂದು ಮುಂದೆ ಭಾರತೀಯರೇ ಆದ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನರಂಥವರು ಈ ಬಾಗಿಲಿನಿಂದ ಒಳಗೆ ಬಂದವರು. ನಮ್ಮಲ್ಲಿ ಇದಕ್ಕೆ ಹೆಚ್ಚಿನ ಆಡಂಬರವಿಲ್ಲ. ಒಬ್ಬ ಅಧಿಕಾರಿಯ ಮೇಜಿನ ಮುಂದೆ ಮುಗಿಯುವ ಕಾರ್ಯ ಅದು.

ಬೇರೆ ದೇಶಗಳಲ್ಲಿ ಹಾಗಲ್ಲ. ಅಮೆರಿಕದಲ್ಲಿ ಹೊಸ ಪೌರರು ಸಭೆ ಸೇರಿ, ಬಲಗೈಯನ್ನೆತ್ತಿ, ಯಾವ ಪರದೇಶದ ಅರಸನಿಗಾಗಲಿ ಪ್ರಭುವಿಗಾಗಲಿ ತಮಗಿದ್ದ ನಿಷ್ಠೆಯನ್ನು ಪೂರ್ಣವಾಗಿ ತೊರೆದೆವೆಂದು ಹೇಳುತ್ತಾರೆ. ಇಂಗ್ಲೆಂಡಿನಲ್ಲಿ 2004ರಿಂದ ಪೌರತ್ವದ ಸಮಾರಂಭಗಳು ನಡೆಯುತ್ತಿವೆ. ಅಲ್ಲಿ ಇಂದಿಗೂ ಪ್ರಮಾಣ ಮಾಡುವುದು ಸಿಂಹಾಸನದ ಮೇಲಿರುವವರಿಗೆ ಮತ್ತು ಅವರ ಉತ್ತರಾಧಿಕಾರಿಗಳಿಗೆ. ವಿಜಯನಗರ, ಬಸವೇಶ್ವರನಗರಗಳ ಎಷ್ಟೋ ಮನೆಗಳ ಮಕ್ಕಳು ಈ ಎರಡು ದೇಶಗಳಿಗೂ ಹೋಗಿ ನೆಲೆಸಿದ್ದಾರೆ. ಅಜ್ಜ ಮೈಸೂರು ಅರಸನ ಪ್ರಜೆ, ತಂದೆ ಯಾವ ಅರಸನಿಗೂ ಸೇರದ ಪೌರ, ಮಗ ಇಂಗ್ಲೆಂಡಿನ ಅರಸನಿಗೆ ಕೈಯೆತ್ತಿದವನು: ಇಂಥ ವಂಶಾವಳಿಗಳು ನಮ್ಮ ಬೀದಿಗಳಲ್ಲಿ ಈಗ ಅಪೂರ್ವವಲ್ಲ. ನಮ್ಮ ಸಂವಿಧಾನವು ಎರಡು ಪೌರತ್ವಗಳನ್ನು ಒಪ್ಪುವುದಿಲ್ಲವಾದ್ದರಿಂದ, ಅಲ್ಲಿ ಪೌರತ್ವವನ್ನು ಪಡೆದ ಗಳಿಗೆಯಲ್ಲಿ ಇಲ್ಲಿಯದು ಕಳಚಿ ಬೀಳುತ್ತದೆ.

ಇನ್ನು ಅರಸರ ಕಥೆ.

ಜಯಚಾಮರಾಜ ಒಡೆಯರು ಹುಟ್ಟಿದುದು 1919ರ ಜುಲೈ 18ರಂದು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಮತ್ತು ಕೆಂಪು ಚೆಲುವಾಜಮ್ಮಣ್ಣಿಯವರ ಒಬ್ಬನೇ ಮಗ. ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮಕ್ಕಳಿರಲಿಲ್ಲ. ಆದ್ದರಿಂದ ಈ ಬಾಲಕನ ಮುಂದೆ ಎಂದಾದರೊಂದು ದಿನ ಸಿಂಹಾಸನವಿದೆಯೆಂಬುದು ಎಲ್ಲರಿಗೂ ತಿಳಿದಿತ್ತು. ಅದು ಅಷ್ಟು ಬೇಗ ಎದುರಾಗುವುದೆಂದು ಮಾತ್ರ ಯಾರೂ ತಿಳಿದಿರಲಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ 1938ರಲ್ಲಿ ಚಿನ್ನದ ಪದಕಗಳೊಡನೆ ಪದವೀಧರರಾದರು. 1940ರ ಮಾರ್ಚಿಯಲ್ಲಿ ತಂದೆ ಮುಂಬಯಿಯಲ್ಲಿ ತೀರಿಕೊಂಡರು. ಅದೇ ವರ್ಷದ ಆಗಸ್ಟ್ 3ರಂದು ದೊಡ್ಡಪ್ಪನವರೂ ಕಣ್ಮುಚ್ಚಿದರು. ಐದು ತಿಂಗಳೊಳಗೆ ಎರಡು ಸಾವುಗಳನ್ನು ಕಂಡ ಇಪ್ಪತ್ತೊಂದರ ಯುವಕ ಸೆಪ್ಟೆಂಬರ್ 8ರಂದು ಮೈಸೂರಿನ ಸಿಂಹಾಸನವನ್ನೇರಿದರು.

ಅವರು ಏರಿದ ಪೀಠ ಎಂಥದೆಂಬುದನ್ನು ಇಂದಿನ ವಿದ್ಯಾರ್ಥಿಗೆ ಒಂದಿಷ್ಟು ಬಿಡಿಸಿ ಹೇಳಬೇಕು. ದಸರೆಯ ದರ್ಬಾರಿನಲ್ಲಿ ರಾಜ್ಯದ ಗಣ್ಯರು ಒಬ್ಬೊಬ್ಬರಾಗಿ ಬಂದು ತಲೆಬಾಗಿ ನಜರು ಒಪ್ಪಿಸಿ ಹಿಂದಕ್ಕೆ ಸರಿಯುತ್ತಿದ್ದರು. ಹಳೆಯ ಮೈಸೂರಿನಲ್ಲಿ ನಿಷ್ಠೆಯ ಪ್ರಮಾಣವೆಂಬುದೊಂದಿದ್ದರೆ ಅದು ಇದೇ. ಬಾಯಿಮಾತಿಲ್ಲ, ಬಾಗಿದ ನಡು, ಚಾಚಿದ ಅಂಗೈ, ಅದರ ಮೇಲೊಂದು ನಾಣ್ಯ. ಶಾಲೆಗಳಲ್ಲಿ ಮಕ್ಕಳು ಕೈಜೋಡಿಸಿ ನಿಂತು ಕಾಯೌ ಶ್ರೀ ಗೌರಿ ಎಂಬ ರಾಜ್ಯಗೀತೆಯನ್ನು ಹಾಡುತ್ತಿದ್ದರು. 1881ರಿಂದಲೂ ಪ್ರಜಾಪ್ರತಿನಿಧಿ ಸಭೆಯೊಂದು ಕೂಡುತ್ತಿತ್ತು. ಹಿಂದುಸ್ತಾನದ ಸಂಸ್ಥಾನಗಳಲ್ಲಿ ಅದು ದೊಡ್ಡ ಮಾತೇ ಸರಿ. ಆದರೂ ಆ ಸಭೆ ಬಿನ್ನಹ ಮಾಡಬಹುದಾಗಿತ್ತೇ ಹೊರತು ಆಳುವಂತಿರಲಿಲ್ಲ.

ಕಾನೂನಿನ ಕಣ್ಣಿನಲ್ಲಿ ಮೈಸೂರಿಗ ಬ್ರಿಟಿಷ್ ಪ್ರಜೆಯೂ ಅಲ್ಲ. ಬ್ರಿಟಿಷರ ರಕ್ಷಣೆಗೊಳಗಾದ ಸಂಸ್ಥಾನದ ಪ್ರಜೆ. ಬೆಂಗಳೂರಿನಲ್ಲಿಯಂತೂ ಈ ವಿಷಯ ಇನ್ನಷ್ಟು ಗೋಜಲಾಗಿತ್ತು. ಪೇಟೆ ಮಹಾರಾಜರ ಆಡಳಿತದಲ್ಲಿ, ದಂಡು ರೆಸಿಡೆಂಟರ ಆಡಳಿತದಲ್ಲಿ. ನೆಲ ಮೈಸೂರಿನದೇ ಆದರೂ ದಂಡಿನಲ್ಲಿ ಮೈಸೂರಿನ ಆಜ್ಞೆ ನಡೆಯುತ್ತಿರಲಿಲ್ಲ. 1947ರ ಜುಲೈ ತಿಂಗಳಲ್ಲಿ ಅದು ಮೈಸೂರಿಗೆ ಹಿಂದಿರುಗಿತು. ಮಾಗಡಿ ರಸ್ತೆ, ಮೈಸೂರು ರಸ್ತೆಗಳ ನಮ್ಮ ಪಶ್ಚಿಮ ಭಾಗಕ್ಕೆ ಈ ಗೋಜಲು ಇರಲಿಲ್ಲ. ಇದು ನಿಸ್ಸಂದೇಹವಾಗಿ ಅರಸರ ನೆಲ. ಮೈಸೂರಿನ ಅರಮನೆಯಿಂದ ಬೆಂಗಳೂರಿನ ಸರ್ಕಾರಕ್ಕೆ ಬರುವ ರಸ್ತೆಯೂ ರೈಲುಹಾದಿಯೂ ಕೆಂಗೇರಿಯನ್ನು ಹಾದೇ ಬರಬೇಕು.

ಸಿಂಹಾಸನವೇರಿದ ಅರಸರ ಮನಸ್ಸು ರಾಜಕಾರಣಕ್ಕಿಂತ ಹೆಚ್ಚಾಗಿ ಸಂಗೀತದಲ್ಲಿ, ಶಾಸ್ತ್ರಗ್ರಂಥಗಳಲ್ಲಿ ನೆಲೆಸಿತ್ತೆಂಬುದರಲ್ಲಿ ಸಂಶಯವಿಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ಪಿಯಾನೊ ವಾದ್ಯವನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದವರು ಅವರು. ಬಡತನದಲ್ಲಿ ಮುಪ್ಪನ್ನು ಕಳೆಯುತ್ತಿದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ಧ್ವನಿಮುದ್ರಣವಾಗಿ ಉಳಿದುದು ಮೈಸೂರಿನ ಹಣದಿಂದ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಈ ಅರಸರಿಗೆ ಅರ್ಪಿಸಿದ್ದಾರೆ. ಇನ್ನೊಂದೆಡೆ ಕರ್ನಾಟಕ ಸಂಗೀತದಲ್ಲಿ ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯಲ್ಲಿ ಋಗ್ವೇದವೇ ಮೊದಲಾದ ಸಂಸ್ಕೃತ ಗ್ರಂಥಗಳನ್ನು ಕನ್ನಡದ ಅರ್ಥದೊಡನೆ ಅಚ್ಚು ಹಾಕಿಸಿದರು. ಇವುಗಳ ಬಗೆಗೆ ಪ್ರತ್ಯೇಕವಾಗಿಯೇ ಬರೆಯಬೇಕು. ನಮ್ಮ ಇಂದಿನ ವಿಷಯ ಬೇರೆ.

1947 ಬಂದಿತು. ಆಗಸ್ಟ್ 9ರಂದು ಮಹಾರಾಜರು ಭಾರತದೊಡನೆ ಸೇರುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಆ ಪತ್ರದಿಂದ ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಇವು ದೆಹಲಿಗೆ ಸೇರಿದವು. ರಾಜ್ಯದೊಳಗಿನ ಅಧಿಕಾರ ಅರಮನೆಯಲ್ಲಿಯೇ ಉಳಿಯಿತು. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದಿದೆ, ಮೈಸೂರಿಗೆ ಮಾತ್ರ ಜವಾಬ್ದಾರಿ ಸರ್ಕಾರವಿಲ್ಲ ಎಂದು ಕಾಂಗ್ರೆಸ್ಸಿನವರು ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಚಳವಳಿಯನ್ನು ಹೂಡಿದರು. ದಿವಾನರಾಗಿದ್ದವರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು. ಸೆರೆಮನೆಗಳು ತುಂಬಿದವು, ಗುಂಡುಗಳು ಹಾರಿದವು. ಮೈಸೂರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಇಂದಿಗೂ ಅಲ್ಲಿ ಒಂದು ವೃತ್ತ ಅವನ ಹೆಸರನ್ನು ಹೊತ್ತು ನಿಂತಿದೆ. ಅರಮನೆಯಿಂದ ಆ ವೃತ್ತಕ್ಕೆ ಬಹಳ ದೂರವಿಲ್ಲ.

ಅರಸರನ್ನು ಮೆಚ್ಚಿ ಬರೆಯುವವರು ಈ ಆರು ವಾರಗಳನ್ನು ಹಾರಿಸಿಬಿಡುವುದುಂಟು. ಅದು ಸರಿಯಲ್ಲ. ಮೈಸೂರಿನ ಅಧಿಕಾರ ತಾನಾಗಿ ಕೆಳಗಿಳಿಯಲಿಲ್ಲ, ಜನ ಅದನ್ನು ಇಳಿಸಿದರು. ಅರಸರಿಗೆ ಸಲ್ಲಬೇಕಾದ ಗೌರವ ಬೇರೊಂದು ಕಡೆಯಲ್ಲಿದೆ: ಇಳಿಯಬೇಕೆಂಬುದು ಸ್ಪಷ್ಟವಾದ ಮೇಲೆ ಅವರು ಹಿಂದಿರುಗಿ ನೋಡಲಿಲ್ಲ. ಅಕ್ಟೋಬರ್ 12ರಂದು ಒಪ್ಪಂದವಾಯಿತು. ಆ ತಿಂಗಳು ಮುಗಿಯುವುದರೊಳಗೆ ಕೆ. ಚೆಂಗಲರಾಯ ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು.

ಅನಂತರದ ಎರಡು ವರ್ಷಗಳಲ್ಲಿ ದೆಹಲಿಯಲ್ಲಿ ಸಂವಿಧಾನ ರಚನೆಯಾಗುತ್ತಿತ್ತು. ಮೈಸೂರಿನಿಂದ ಏಳು ಮಂದಿ ಪ್ರತಿನಿಧಿಗಳು ಆ ಸಭೆಯಲ್ಲಿ ಕುಳಿತರು: ಚೆಂಗಲರಾಯ ರೆಡ್ಡಿ, ಟಿ. ಸಿದ್ಧಲಿಂಗಯ್ಯ, ಕೆಂಗಲ್ ಹನುಮಂತಯ್ಯ, ಎಚ್. ಸಿದ್ಧವೀರಪ್ಪ, ಎಸ್. ವಿ. ಕೃಷ್ಣಮೂರ್ತಿ ರಾವ್, ಎಚ್. ಆರ್. ಗುರುವ ರೆಡ್ಡಿ, ಟಿ. ಚನ್ನಯ್ಯ. ಇನ್ನೊಂದು ಸಂಗತಿಯನ್ನು ನಮ್ಮವರು ಮರೆಯುವುದುಂಟು. ಸಂವಿಧಾನದ ಕರಡು ಸಮಿತಿಯಲ್ಲಿ ಡಾಕ್ಟರ್ ಅಂಬೇಡ್ಕರರೊಡನೆ ಕೆಲಸ ಮಾಡಿದವರಲ್ಲಿ ಎನ್. ಮಾಧವರಾವ್ ಒಬ್ಬರು. 1941ರಿಂದ 1946ರವರೆಗೆ ಅವರು ಇದೇ ಅರಸರಿಗೆ ದಿವಾನರಾಗಿದ್ದರು. ಯಾವ ಗ್ರಂಥಕ್ಕೆ ಒಡೆಯರು ನಿಷ್ಠೆಯನ್ನು ಒಪ್ಪಿಸಬೇಕಾಯಿತೋ ಅದರ ಕರಡಿನ ಮೇಲೆ ಅವರ ಹಳೆಯ ದಿವಾನರ ಕೈ ಆಡಿತ್ತು.

1949ರ ನವೆಂಬರ್ 25ರಂದು ಮಹಾರಾಜರು ಒಂದು ಘೋಷಣೆಯನ್ನು ಹೊರಡಿಸಿದರು: ಭಾರತದ ಸಂವಿಧಾನವೇ ಇನ್ನು ಮುಂದೆ ಮೈಸೂರಿನ ಸಂವಿಧಾನ. ಮರುದಿನ ದೆಹಲಿಯಲ್ಲಿ ಸಂವಿಧಾನ ಅಂಗೀಕೃತವಾಯಿತು. ಉಳಿದ ಭಾಗದ ಬಹ್ವಂಶ ಜನವರಿ 26ಕ್ಕೆ ಕಾದಿದ್ದರೂ ಪೌರತ್ವದ ವಿಧಿಗಳು ಆ ದಿನವೇ ಜಾರಿಗೆ ಬಂದವು. ಒಂದು ಸಂಜೆಗೂ ಮರುಸಂಜೆಗೂ ನಡುವೆ ಮೈಸೂರಿನ ಒಕ್ಕಲಿಗ, ನೇಕಾರ, ಗುಮಾಸ್ತ, ಮೇಷ್ಟ್ರು ಎಲ್ಲರೂ ಒಂದು ಸಂಬಂಧದಿಂದ ಬಿಡುಗಡೆ ಹೊಂದಿ ಇನ್ನೊಂದರ ಹೊಸಿಲಿಗೆ ಬಂದು ನಿಂತರು.

ಆದರೆ ಹೆಸರು ಬದಲಾಗಲಿಲ್ಲ. ಕನ್ನಡದಲ್ಲಿ ಪ್ರಜೆ ಎಂದರೆ ಸಂತಾನವೆಂದೂ ಅರ್ಥ. ಅರಸನನ್ನು ತಂದೆಯೆಂದು ಬಗೆದ ಕಾಲದ ಮಾತು ಅದು. ಸಂವಿಧಾನದ ಪ್ರಸ್ತಾವನೆಯನ್ನು ಕನ್ನಡಕ್ಕೆ ತಂದವರು ನಮ್ಮನ್ನು ಕರೆದುದೂ ಅದೇ ಹೆಸರಿನಿಂದ. ಪೌರ, ನಾಗರಿಕ ಎಂಬ ಶಬ್ದಗಳಲ್ಲಿ ಪಟ್ಟಣದ ವಾಸನೆಯಿದೆ. ಕೆಂಗೇರಿಯ ಕಣದ ರೈತನಿಗೆ ಅವು ಒಗ್ಗಲಾರವು. ಹಾಗೆ ನೋಡಿದರೆ ಪ್ರಜೆ ಎಂಬ ಹಳೆಯ ಶಬ್ದವೇ ಒಳಗಿನಿಂದ ಹೊಸತಾಯಿತು. ಅದಕ್ಕೆದುರಾಗಿದ್ದ ಪ್ರಭು ಎಂಬ ಶಬ್ದಕ್ಕೆ ಮಾತ್ರ ನೆಲೆ ತಪ್ಪಿತು.

ಅದೇ 1949ರಲ್ಲಿ, ಬೆಂಗಳೂರಿನ ಪಶ್ಚಿಮಕ್ಕೆ ಹೊಸ ಕೈಗಾರಿಕಾ ಉಪನಗರವೊಂದಕ್ಕೆ ಅಸ್ತಿಭಾರ ಬಿದ್ದಿತು. ಆಗ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರ್ಯರ ಹೆಸರು ಅದಕ್ಕೆ ನಿಂತಿತು. ಅದೇ ನಮ್ಮ ರಾಜಾಜಿನಗರ. ಈ ಹೆಸರಿನ ಹಿಂದೆಯೂ ಪ್ರಮಾಣದ ಒಂದು ವಿಚಿತ್ರವಿದೆ. ಸ್ವಾತಂತ್ರ್ಯಕ್ಕಾಗಿ ಸೆರೆಮನೆಗೆ ಹೋದ ರಾಜಾಜಿಯವರು 1948ರ ಜೂನ್‌ನಲ್ಲಿ ಆ ಪದವಿಯನ್ನು ಸ್ವೀಕರಿಸುವಾಗ ಆರನೆಯ ಜಾರ್ಜ್ ದೊರೆಗೂ ಆತನ ಉತ್ತರಾಧಿಕಾರಿಗಳಿಗೂ ನಿಷ್ಠರಾಗಿರುವೆನೆಂದು ಹೇಳಬೇಕಾಗಿತ್ತು. ಏಕೆಂದರೆ ದೇಶ ಇನ್ನೂ ಗಣರಾಜ್ಯವಾಗಿರಲಿಲ್ಲ. ಒಂದೂವರೆ ವರ್ಷದ ಮೇಲೆ, 1950ರ ಜನವರಿ 26ರ ಬೆಳಿಗ್ಗೆ, ಗಣರಾಜ್ಯದ ಘೋಷಣೆಯನ್ನು ಓದಿದವರೂ ಅವರೇ. ಬಳಿಕ ಮುಖ್ಯ ನ್ಯಾಯಮೂರ್ತಿ ಹರಿಲಾಲ್ ಕಣಿಯಾ ಅವರ ಮುಂದೆ ರಾಜೇಂದ್ರ ಪ್ರಸಾದರು ರಾಷ್ಟ್ರಪತಿಯಾಗಿ ಪ್ರಮಾಣ ಮಾಡಿದರು. ರಾಜಾಜಿ ಪದವಿಯಿಲ್ಲದ ಪೌರರಾಗಿ ಹೊರಗೆ ನಡೆದರು.

ಅಂದೇ ಜಯಚಾಮರಾಜ ಒಡೆಯರು ಮೈಸೂರಿನ ರಾಜಪ್ರಮುಖರಾದರು. ರಾಜ್ಯಪಾಲರಿಗೆ ಯಾವ ಪ್ರಮಾಣವೋ ರಾಜಪ್ರಮುಖರಿಗೂ ಅದೇ. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯ ಸಮಕ್ಷಮದಲ್ಲಿ ಮೂರು ಸಂಗತಿಗಳನ್ನು ಹೇಳಬೇಕು: ಪದವಿಯ ಕಾರ್ಯವನ್ನು ಶ್ರದ್ಧೆಯಿಂದ ನಡೆಸುವುದು, ಸಂವಿಧಾನವನ್ನೂ ಕಾನೂನನ್ನೂ ಶಕ್ತಿಮೀರಿ ಕಾಪಾಡುವುದು, ರಾಜ್ಯದ ಜನರ ಸೇವೆಗೂ ಕ್ಷೇಮಕ್ಕೂ ತನ್ನನ್ನು ಮುಡಿಪಾಗಿಡುವುದು. ಮೂರನೆಯದು ಯಾವ ಧರ್ಮಿಷ್ಠ ಅರಸನಿಗೂ ಹೊಸತಲ್ಲ. ಪಟ್ಟಾಭಿಷೇಕದ ಮಂತ್ರಗಳ ಆಶಯವೂ ಅದೇ. ಹೊಸತಾದುದು ನಡುವಿನದು. ಕಾನೂನು ಅದುವರೆಗೆ ಅರಸನ ಹೆಸರಿನಲ್ಲಿ ಹೊರಡುತ್ತಿದ್ದ ವಸ್ತು. ಈಗ ಅರಸನೇ ಅದರ ಕಾವಲಿಗೆ ನಿಲ್ಲಬೇಕು.

ಇದು ಬರಿಯ ಉಪಚಾರವೆಂದು ಮೂಗು ಮುರಿಯುವವರಿಗೆ ತಿರುವಾಂಕೂರಿನ ಸಂಗತಿಯನ್ನು ನೆನಪಿಸಬೇಕು. ಅಲ್ಲಿಯ ಅರಸರು 1750ರಿಂದಲೂ ತಮ್ಮ ರಾಜ್ಯವನ್ನು ಶ್ರೀ ಪದ್ಮನಾಭನಿಗೆ ಒಪ್ಪಿಸಿ ಅವನ ದಾಸರಾಗಿ ಆಳುತ್ತ ಬಂದವರು. 1949ರಲ್ಲಿ ತಿರುವಾಂಕೂರು ಮತ್ತು ಕೊಚ್ಚಿ ಒಂದಾಗಿ, ಚಿತ್ತಿರ ತಿರುನಾಳ್ ಮಹಾರಾಜರು ರಾಜಪ್ರಮುಖರಾಗುವ ಸಂದರ್ಭ ಬಂದಾಗ, ದೇವರಿಗೆ ಕೊಟ್ಟ ನಿಷ್ಠೆಯನ್ನು ಇನ್ನೊಂದೆಡೆ ಪ್ರಮಾಣ ಮಾಡಿ ಹೇಳುವುದು ಅವರಿಗೆ ಸಾಧ್ಯವಾಗಲಿಲ್ಲ. ಪದವಿಯನ್ನು ಬಿಟ್ಟರೂ ಬಿಟ್ಟಾರು, ಆ ಮಾತನ್ನು ಆಡಲಾರರು. ಕೊನೆಗೆ ದೆಹಲಿಯ ವಿ. ಪಿ. ಮೆನನ್ನರು ಮಧ್ಯೆ ನಿಂತು, ಪ್ರಮಾಣದ ಬದಲು ಅದೇ ಆಶಯದ ಒಂದು ಪತ್ರವನ್ನು ಸ್ವೀಕರಿಸುವುದೆಂದು ಏರ್ಪಾಡಾಯಿತು. ಒಂದು ವಾಕ್ಯವನ್ನು ಬಾಯಿಬಿಟ್ಟು ಹೇಳುವುದು ಎಷ್ಟು ಭಾರವಾಗಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹೈದರಾಬಾದಿನ ನಿಜಾಮರೂ ರಾಜಪ್ರಮುಖರಾದರು. ಆದರೆ 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಅಲ್ಲಿಗೆ ಹೋಗಿ ಬಂದ ಮೇಲೆ.

ಮೈಸೂರಿನ ಅರಸರಿಗೂ ಮನೆದೇವತೆಯಿದ್ದಳು. ಚಾಮುಂಡಿಬೆಟ್ಟದ ಆ ತಾಯಿಯ ಆರಾಧನೆಯಲ್ಲಿ, ಶ್ರೀವಿದ್ಯೆಯ ಉಪಾಸನೆಯಲ್ಲಿ ಅವರು ಯಾರಿಗೂ ಕಡಮೆಯಾದವರಲ್ಲ. ಆದರೂ ದೇವಿಯ ಭಕ್ತಿಗೂ ಸಂವಿಧಾನದ ನಿಷ್ಠೆಗೂ ನಡುವೆ ಅವರಿಗೆ ತೊಡಕು ತೋರಲಿಲ್ಲ. ವೇದಾಂತ ಗ್ರಂಥಗಳಲ್ಲಿ ಪಳಗಿದ ಬುದ್ಧಿಗೆ, ವ್ಯವಹಾರದ ಸತ್ಯವೊಂದು, ಪರಮಾರ್ಥದ ಸತ್ಯವೊಂದು ಎಂಬ ವಿವೇಕ ಸುಲಭವಾಗಿತ್ತೆಂದು ನಾನು ಊಹಿಸುತ್ತೇನೆ. ಪ್ರತಿಯಾಗಿ ಅವರಿಗೆ ಏನೂ ದೊರೆಯಲಿಲ್ಲವೆಂದಲ್ಲ. ವರ್ಷಕ್ಕೆ 26 ಲಕ್ಷ ರೂಪಾಯಿಗಳ ರಾಜಧನ, ಅರಮನೆ, ಬಿರುದುಗಳು ಉಳಿದವು. ಅದೇ ಸಂವಿಧಾನದ 291 ಮತ್ತು 362ನೆಯ ವಿಧಿಗಳಲ್ಲಿ ಈ ರಾಜಧನಕ್ಕೂ ಅರಸರ ಗೌರವಗಳಿಗೂ ಭರವಸೆ ಬರೆದಿತ್ತು. ಅಂದರೆ ಮಾತು ಎರಡು ಕಡೆಯಿಂದಲೂ ಆಗಿತ್ತು.

ಅನಂತರದ ವರ್ಷಗಳಲ್ಲಿ ಆ ಪ್ರಮಾಣ ಹೇಗೆ ನಡೆಯಿತು? ಒಂದೇ ಉದಾಹರಣೆ ಸಾಕು. ಮೊದಲ ಮಹಾಚುನಾವಣೆಯಾದ ಮೇಲೆ, 1952ರ ಮಾರ್ಚ್ 30ರಂದು, ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಗಳಾದರು. ಅರಸರ ಆಳಿಕೆಯಲ್ಲಿ ಹಲವು ಸಾರಿ ಸೆರೆಮನೆಯನ್ನು ಕಂಡವರು ಅವರು. ಮಂತ್ರಿಗಳಿಗೆ ಪ್ರಮಾಣವಚನವನ್ನು ಬೋಧಿಸಬೇಕಾದವರು ರಾಜಪ್ರಮುಖರು. ಹಿಂದಿನ ಸೆರೆಯಾಳು ಹಿಂದಿನ ಅರಸರ ಮುಂದೆ ನಿಂತು ಮಾತು ಕೊಟ್ಟರು. ಕೊಟ್ಟದ್ದು ಅರಸರಿಗಲ್ಲ, ಅರಸರೂ ಮಾತು ಕೊಟ್ಟಿದ್ದ ಅದೇ ಸಂವಿಧಾನಕ್ಕೆ. ಆ ಸಂವಿಧಾನವನ್ನು ರಚಿಸಿದ ಸಭೆಯಲ್ಲಿ ಹನುಮಂತಯ್ಯನವರೇ ಕುಳಿತಿದ್ದರು. ನನ್ನ ಮಟ್ಟಿಗೆ, ಮೈಸೂರಿನಲ್ಲಿ ಗಣರಾಜ್ಯ ನಿಜವಾಗಿ ಕಣ್ಣಿಗೆ ಬಿದ್ದುದು ಆ ಗಳಿಗೆಯಲ್ಲಿ. ಎತ್ತರದ ಪೀಠದಲ್ಲಿದ್ದವರೂ ಕೆಳಗೆ ನಿಂತವರೂ ಅಂದು ಮೂರನೆಯದೊಂದರ ಕಡೆಗೆ ಮುಖಮಾಡಿ ನಿಂತಿದ್ದರು. ಈ ಪ್ರಸಂಗವನ್ನು ಹೇಳಿದಾಗ ನನ್ನ ತರಗತಿಯ ಹುಡುಗರು ಗದ್ದಲವನ್ನು ಬಿಟ್ಟು ಕೇಳುತ್ತಿದ್ದರು.

ಅಲ್ಲಿಂದ ಮುಂದೆ ವಿಧಾನಮಂಡಲದ ಅಧಿವೇಶನದಲ್ಲಿ ರಾಜಪ್ರಮುಖರು ಓದುತ್ತಿದ್ದುದು ಮಂತ್ರಿಮಂಡಲದ ನೀತಿಯನ್ನು. ಅಂಕಿತ ಹಾಕುತ್ತಿದ್ದುದು ಶಾಸಕರು ಒಪ್ಪಿದ ಮಸೂದೆಗಳಿಗೆ. ಮತದಾನದ ಲೆಕ್ಕದಲ್ಲಿ ಅರಸರದೂ ಒಂದು ಮತ, ಅರಮನೆಯ ಅಂಗಳವನ್ನು ಗುಡಿಸುವವಳದೂ ಒಂದು ಮತ.

1956ರ ನವೆಂಬರ್ 1 ಬಂದಿತು. ಮುಂಬಯಿ, ಹೈದರಾಬಾದು, ಮದರಾಸು ಪ್ರಾಂತಗಳಲ್ಲಿ ಹಂಚಿಹೋಗಿದ್ದ ಕನ್ನಡ ಜಿಲ್ಲೆಗಳೂ ಕೊಡಗೂ ಮೈಸೂರಿನೊಡನೆ ಒಂದಾದವು. ಹಳೆಯ ಮೈಸೂರಿನಲ್ಲಿ ಇದಕ್ಕೆ ಅಡ್ಡಮಾತುಗಳು ಕಡಮೆ ಇರಲಿಲ್ಲ. ಸುಖವಾಗಿದ್ದ ಮನೆಗೆ ನೆಂಟರನ್ನು ಏಕೆ ಕರೆಯಬೇಕೆಂದವರುಂಟು. ರಾಜಪ್ರಮುಖ ಪದವಿಯೇ ದೇಶದಲ್ಲೆಲ್ಲ ರದ್ದಾಯಿತು. ಒಡೆಯರು ಹೊಸ ರಾಜ್ಯದ ರಾಜ್ಯಪಾಲರಾದರು. ಹಿಂದಿನ ಪದವಿಗೆ ಅರಸುತನವೇ ಆಧಾರವಾಗಿತ್ತು. ಈಗಿನದು ರಾಷ್ಟ್ರಪತಿಗಳು ನೇಮಿಸಿದರೆ ಉಂಟು, ಬೇಡವೆಂದರೆ ಇಲ್ಲ. ಆ ಪದವಿಗೆ ಬರುವ ಯಾವ ಪೌರನೂ ಮಾಡಬೇಕಾದ ಪ್ರಮಾಣವನ್ನು ಅವರೂ ಮಾಡಿದರು. ಅವರ ಪೂರ್ವಜರ ಆಜ್ಞೆ ಎಂದೂ ಮುಟ್ಟದ ಬೀದರಿನ, ಕಾರವಾರದ ಜನರ ಸೇವೆಗೂ ಆ ಪ್ರಮಾಣ ಅವರನ್ನು ಕಟ್ಟಿಹಾಕಿತು. 1964ರಲ್ಲಿ ಅವರನ್ನು ಮದರಾಸಿಗೆ ರಾಜ್ಯಪಾಲರನ್ನಾಗಿ ಕಳುಹಿಸಿದರು. ಒಡೆಯರ ವಂಶದ ಯಾವ ಹಕ್ಕೂ ಇಲ್ಲದ ನೆಲದಲ್ಲಿ ಅವರು ಮತ್ತೆ ಅದೇ ಮಾತುಗಳನ್ನು ಹೇಳಿದರು. 1966ರವರೆಗೆ ಅಲ್ಲಿದ್ದರು.

ಇನ್ನುಳಿದುದು ಆ ಇನ್ನೊಂದು ಕಡೆಯ ಮಾತು. 1971ರ ಡಿಸೆಂಬರಿನಲ್ಲಿ ಸಂವಿಧಾನದ 26ನೆಯ ತಿದ್ದುಪಡಿ ಜಾರಿಗೆ ಬಂದಿತು. 291 ಮತ್ತು 362ನೆಯ ವಿಧಿಗಳು ಅಳಿಸಿಹೋದವು. ರಾಜಧನ ನಿಂತಿತು, ಮಹಾರಾಜರೆಂಬ ಮನ್ನಣೆಯನ್ನು ಸಂವಿಧಾನ ಹಿಂದಕ್ಕೆ ತೆಗೆದುಕೊಂಡಿತು. ಸಮಾನತೆಯ ದೃಷ್ಟಿಯಿಂದ ಇದು ಆಗಬೇಕಾದುದೇ ಎಂದು ಅಂದು ಹಲವರು ಹೇಳಿದರು, ನಾನೂ ಅದನ್ನು ಅಲ್ಲಗಳೆಯಲಾರೆ. ಒಬ್ಬ ಪೌರನಿಗೆ ಹುಟ್ಟಿನ ಕಾರಣದಿಂದ 26 ಲಕ್ಷ ಸಲ್ಲುವುದನ್ನು ನನ್ನ ತರಗತಿಯಲ್ಲಿ ಸಮರ್ಥಿಸಲು ನನಗೆ ಎಂದೂ ಆಗಲಿಲ್ಲ. ಆದರೆ ಕೊಟ್ಟ ಮಾತನ್ನು ಹಿಂದೆಗೆದುಕೊಂಡ ಪಕ್ಷ ಯಾವುದು, ಉಳಿಸಿಕೊಂಡ ಪಕ್ಷ ಯಾವುದು ಎಂಬುದನ್ನೂ ಇತಿಹಾಸದಲ್ಲಿ ಬರೆದಿಡಬೇಕು. ಯಾವುದನ್ನು ಕಾಪಾಡುವೆನೆಂದು ಅವರು ಮತ್ತೆ ಮತ್ತೆ ಪ್ರಮಾಣ ಮಾಡಿದ್ದರೋ ಆ ಸಂವಿಧಾನವೇ, ತನ್ನ ನಿಯಮಕ್ಕನುಸಾರವಾಗಿ ತನ್ನನ್ನು ತಿದ್ದಿಕೊಂಡು, ಅವರನ್ನು ಎಲ್ಲರಂಥ ಪೌರರನ್ನಾಗಿ ಮಾಡಿತು. ಅದಾದ ಮೂರು ವರ್ಷದೊಳಗೆ, 1974ರ ಸೆಪ್ಟೆಂಬರ್ 23ರಂದು, ಜಯಚಾಮರಾಜ ಒಡೆಯರು ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 55 ವರ್ಷ. ಇಂದು ದಸರೆಯ ಚಿನ್ನದ ಅಂಬಾರಿಯಲ್ಲಿ ಮೆರವಣಿಗೆ ಹೋಗುವುದು ಚಾಮುಂಡೇಶ್ವರಿಯ ಮೂರ್ತಿ.

ಅವರ ಮಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರು 1984ರಲ್ಲಿ ಮೈಸೂರಿನಿಂದ ಲೋಕಸಭೆಗೆ ಆಯ್ಕೆಯಾದರು. ಸಭೆಯೊಳಗೆ ಕುಳಿತುಕೊಳ್ಳುವ ಮುನ್ನ ಸದಸ್ಯನಾದ ಯಾವನೂ ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕು. ಅವರು ನಾಲ್ಕು ಬಾರಿ ಗೆದ್ದರು. 1991ರಲ್ಲಿಯೂ 2004ರಲ್ಲಿಯೂ ಸೋತರು. 1991ರಲ್ಲಿ ಮೈಸೂರಿನವರು ಅವರ ಬದಲು ಆರಿಸಿ ಕಳುಹಿಸಿದುದು ದೇವರಾಜ ಅರಸರ ಮಗಳು ಚಂದ್ರಪ್ರಭಾ ಅರಸ್ ಅವರನ್ನು.